ಅರಿವು, ಮರೆವು ಮತ್ತು ಸಕ್ಕರೆ ಕಾಯಿಲೆ

ಶರಣ ಸಾಹಿತ್ಯವನ್ನು ಓದುವವರಿಗೆ ಅರಿವು ಮತ್ತು ಮರೆವು ಎಂಬ ಎರಡು ಪದಗಳು ಚಿರಪರಿಚಿತವಾದವು. ತನ್ನ ನಿಜಸ್ವರೂಪವನ್ನು ತಿಳಿದಿರುವುದು ಅರಿವು. ಸಂಸಾರದ ಸೆಳೆತಕ್ಕೆ ಸಿಲುಕಿ ಅದನ್ನು ಕಾಣದೆ ಹೋಗುವುದು ಮರೆವು. ಗುರುಸನ್ನಿಧಿಯಲ್ಲಿ ಕುಳಿತು ವಚನಗಳನ್ನೂ ಷಟ್‌ಸ್ಥಲ ಶಾಸ್ತ್ರವನ್ನೂ ಅಭ್ಯಾಸ ಮಾಡಿದ ನಾವು ಈ ಎರಡು ಪದಗಳನ್ನು ಕುರಿತು ಹಲವು ವೇದಿಕೆಗಳಲ್ಲಿ ಮಾತನಾಡಿದ್ದೇವೆ. ಆದರೆ ಮರೆವು ಎಂಬ ಮಾತಿಗೆ ನಿತ್ಯದ ಬದುಕಿನಲ್ಲಿ ಇನ್ನೊಂದು ಅರ್ಥವಿದೆ. ವಯಸ್ಸಾದವರು ಮಗನ ಹೆಸರನ್ನು, ಮನೆಯ ದಾರಿಯನ್ನು, ಈಗತಾನೆ ಉಂಡ ಊಟವನ್ನು ಮರೆಯುತ್ತಾರೆ. ಇದೂ ಮರೆವೇ. ಆದರೆ ಈ ಎರಡು ಮರೆವುಗಳು ಒಂದೇ ಅಲ್ಲ. ಒಂದು ಜೀವದ ಮರೆವು, ಇನ್ನೊಂದು ಮಿದುಳಿನ ಮರೆವು. ಮೊದಲನೆಯದಕ್ಕೆ ಗುರೂಪದೇಶವು ಮದ್ದು. ಎರಡನೆಯದಕ್ಕೆ ವೈದ್ಯರ ತಪಾಸಣೆಯೂ ಮನೆಯವರ ಸಹನೆಯೂ ಬೇಕು. ಇವೆರಡನ್ನೂ ಬೆರೆಸಿ ನೋಡಿದರೆ ಒಂದು ಸಂಸಾರದಲ್ಲಿ ಎಷ್ಟು ದುಃಖ ಹುಟ್ಟಬಹುದೆಂಬುದನ್ನು ನಾವು ನಮ್ಮ ಬಂಧುವರ್ಗದಲ್ಲಿಯೇ ಕಂಡೆವು. ಆದುದರಿಂದಲೇ ಈ ವಿಷಯವನ್ನು ಸದ್ಭಕ್ತರ ಮುಂದೆ ಇಡುತ್ತಿದ್ದೇವೆ.

ನಮ್ಮ ಅಕ್ಕನವರನ್ನು ಮಂಡ್ಯ ತಾಲ್ಲೂಕಿನ ದುದ್ದಕ್ಕೆ ಕೊಟ್ಟಿದೆ. ಅವರಿಗೀಗ ಎಪ್ಪತ್ತನಾಲ್ಕು ವರ್ಷ. ಹೊಲಗದ್ದೆ, ದನಕರು, ಬಂದು ಹೋಗುವ ಜಂಗಮರ ಸೇವೆ ಇವುಗಳ ನಡುವೆ ತುಂಬು ಸಂಸಾರವನ್ನು ನಡೆಸಿದವರು. ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರವಾದರೂ ನೂರಾರು ವಚನಗಳು ಅವರಿಗೆ ಕಂಠಸ್ಥವಾಗಿದ್ದವು. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ರಜೆಗೆಂದು ಹೋದರೆ ನಮ್ಮ ಕಂಠಪಾಠವನ್ನು ಒಪ್ಪಿಸಿಕೊಳ್ಳುತ್ತಿದ್ದವರು ಅವರೇ. ಐವತ್ತರ ಆಸುಪಾಸಿನಲ್ಲಿ ಅವರ ಕಾಲಿನ ಗಾಯವೊಂದು ಬಹುದಿನ ಮಾಯದೆ ಉಳಿದಾಗ ರಕ್ತಪರೀಕ್ಷೆ ಮಾಡಿಸಲಾಗಿ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಮಾತ್ರೆ ಕೊಟ್ಟರು. ನೆನಪಾದಾಗ ನುಂಗುವುದು, ಮೈ ಹಗುರವೆನಿಸಿದಾಗ ಬಿಡುವುದು, ಹಬ್ಬಹರಿದಿನಗಳಲ್ಲಿ ಪಥ್ಯವನ್ನು ಬದಿಗಿಡುವುದು ಹೀಗೆಯೇ ಇಪ್ಪತ್ತು ವರ್ಷಗಳು ಕಳೆದವು. ಇದು ಅವರೊಬ್ಬರ ರೂಢಿಯಲ್ಲ. ನಮ್ಮ ಹಳ್ಳಿಗಳ ಎಷ್ಟೋ ಮನೆಗಳ ರೂಢಿ.

ಎರಡು ಮೂರು ವರ್ಷಗಳಿಂದ ಅವರಲ್ಲಿ ಮರೆವು ಕಾಣಿಸಿಕೊಂಡಿತು. ಮೊದಲು ಹೆಸರುಗಳು ಮರೆತವು, ಅನಂತರ ಒಲೆಯ ಮೇಲಿಟ್ಟ ಹಾಲು, ಅನಂತರ ಉಂಡ ಊಟ. ಉಂಡು ಅರ್ಧ ಗಂಟೆಯೂ ಆಗಿರುವುದಿಲ್ಲ, ಜಗಲಿಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನು ಕರೆದು, “ಬೆಳಗಿಂದ ನಂಗೆ ಒಂದು ತುತ್ತೂ ಹಾಕಿಲ್ಲ ಕಣಮ್ಮ” ಎನ್ನುವರು. ಕೇಳಿದವರು ಸೊಸೆಯ ಮುಖವನ್ನು ನೋಡುವರು. ಆ ಸೊಸೆ ಒಮ್ಮೆ ನಮ್ಮೆದುರು, “ಮಾವ, ಇಪ್ಪತ್ತೆಂಟು ವರ್ಷದಿಂದ ಈ ಮನೇಲಿ ಬೇಯಿಸಿ ಹಾಕಿದೀನಿ. ಈಗ ಊರಿನೋರ ಬಾಯಲ್ಲಿ ನಾನು ಅತ್ತೆಗೆ ಅನ್ನ ಹಾಕದೋಳು ಆಗೋದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಆ ಕ್ಷಣದಲ್ಲಿ ಸಮಾಧಾನ ಹೇಳುವುದು ಸುಲಭವಾಗಿರಲಿಲ್ಲ.

ಇದಕ್ಕಿಂತ ದೊಡ್ಡ ಕಳವಳವೊಂದು ಅನಂತರ ಒದಗಿತು. ಒಂದು ದಿನ ಅಕ್ಕನವರ ಕೊರಳಿನಲ್ಲಿ ಇಷ್ಟಲಿಂಗದ ಕರಡಿಗೆ ಕಾಣಲಿಲ್ಲ. ಮನೆಮಂದಿಯೆಲ್ಲ ಮೂರು ದಿನ ಹುಡುಕಿದ ಮೇಲೆ ರಾಗಿ ತುಂಬಿದ ಡಬ್ಬದ ತಳದಲ್ಲಿ ಅದು ದೊರೆಯಿತು. ಭದ್ರವಾಗಿರಲೆಂದು ತಾವೇ ಬಿಚ್ಚಿ ಅಲ್ಲಿಟ್ಟು ಮರೆತಿದ್ದರು. ಲಿಂಗವನ್ನು ಪ್ರಾಣವೆಂದು ಭಾವಿಸುವ ಮನೆತನದಲ್ಲಿ ಇದು ಸಣ್ಣ ಸಂಗತಿಯಲ್ಲ. ಭಕ್ತಿ ಸಡಿಲವಾಯಿತೆಂದು ಒಬ್ಬರು, ಮನೆಗೆ ಏನೋ ಕೇಡು ಕಾದಿದೆಯೆಂದು ಇನ್ನೊಬ್ಬರು ನುಡಿದರು. ಬಂಧುಗಳಲ್ಲಿ ಹಿರಿಯರೊಬ್ಬರು ಇನ್ನು ಮುಂದೆ ಇವರನ್ನು ಪೂಜೆಯ ಕೋಣೆಗೆ ಬಿಡಬಾರದೆಂದರು. ಕೊನೆಗೆ, ಮಠದಲ್ಲಿ ಓದಿದವರೆಂದು ನಮ್ಮನ್ನು ಕರೆಸಿ, ಇದಕ್ಕೆ ಪ್ರಾಯಶ್ಚಿತ್ತವೇನು ಹೇಳಿ ಎಂದು ಕೇಳಿದರು. “ಮೊದಲು ವೈದ್ಯರ ಬಳಿಗೆ ಕರೆದುಕೊಂಡು ಹೋಗೋಣ; ಪ್ರಾಯಶ್ಚಿತ್ತದ ಮಾತು ಆಮೇಲೆ” ಎಂದು ನಾವು ಹೇಳಿದೆವು.

ಮಂಡ್ಯದಲ್ಲಿ ನಾವು ಕಂಡ ವೈದ್ಯರು ಅವಸರವಿಲ್ಲದೆ ಅಕ್ಕನವರನ್ನು ಮಾತನಾಡಿಸಿದರು. ಇಂದು ಯಾವ ವಾರ, ಇದು ಯಾವ ಊರು ಎಂದು ಕೇಳಿದರು. ಮೂರು ಪದಗಳನ್ನು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವೇ ಪದಗಳನ್ನು ಹೇಳಿಸಲು ಯತ್ನಿಸಿದರು. ರಕ್ತದ ಸಕ್ಕರೆ, ಥೈರಾಯ್ಡ್, ಬಿ೧೨ ಜೀವಸತ್ವಗಳ ಪರೀಕ್ಷೆ ಆಯಿತು. ಮಿದುಳಿನ ಸ್ಕ್ಯಾನ್ ಆಯಿತು. ಎಲ್ಲವನ್ನೂ ನೋಡಿ, ಇದು ಡಿಮೆನ್ಷಿಯಾ ಎಂಬ ರೋಗಸ್ಥಿತಿ, ಮುಖ್ಯವಾಗಿ ಅಲ್ಝೈಮರ್ ಕಾಯಿಲೆಯ ಲಕ್ಷಣಗಳಿವೆ, ಜೊತೆಗೆ ಮಿದುಳಿನ ಸಣ್ಣ ರಕ್ತನಾಳಗಳೂ ಕೆಟ್ಟಿವೆ ಎಂದು ತಿಳಿಸಿದರು. ಸಕ್ಕರೆ ಕಾಯಿಲೆಯಿಂದಲೇ ಇದು ಬಂದಿತೇ ಎಂದು ನಾವು ಕೇಳಿದೆವು. ಒಬ್ಬ ರೋಗಿಯ ವಿಷಯದಲ್ಲಿ ಇದರಿಂದಲೇ ಅದು ಎಂದು ಹೇಳಲಾಗದು, ಆದರೆ ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಎರಡಕ್ಕೂ ನಂಟಿರುವುದು ಕಾಣುತ್ತದೆ ಎಂದು ಅವರು ಉತ್ತರಿಸಿದರು. ಆ ಮಾತನ್ನು ಹಿಡಿದು ನಾವು ಓದಿ ತಿಳಿದುದನ್ನು ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ.

ಜರ್ಮನಿಯ ವೈದ್ಯರಾದ ಅಲೋಯಿಸ್ ಅಲ್ಝೈಮರ್ ಅವರು ಐವತ್ತರ ವಯಸ್ಸಿನಲ್ಲಿಯೇ ನೆನಪನ್ನು ಕಳೆದುಕೊಂಡಿದ್ದ ಸ್ತ್ರೀಯೊಬ್ಬರನ್ನು ನೋಡಿಕೊಂಡಿದ್ದರು. ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ೧೯೦೬ರ ನವೆಂಬರ್‌ನಲ್ಲಿ ವೈದ್ಯರ ಸಭೆಯೊಂದರಲ್ಲಿ ತಾವು ಕಂಡುದನ್ನು ವಿವರಿಸಿದರು. ನರಕೋಶಗಳ ನಡುವೆ ಕಿಟ್ಟದಂತೆ ಕಟ್ಟಿಕೊಂಡ ಮಚ್ಚೆಗಳು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು ಅವರಿಗೆ ಕಂಡಿದ್ದವು. ಆ ಕಿಟ್ಟವು ಅಮೈಲಾಯ್ಡ್ ಎಂಬ ಪ್ರೋಟೀನಿನದೆಂದೂ ಆ ಎಳೆಗಳು ಟೌ ಎಂಬ ಪ್ರೋಟೀನಿನವೆಂದೂ ಮುಂದೆ ತಿಳಿದುಬಂದಿತು. ೧೯೧೦ರಲ್ಲಿ ಈ ಕಾಯಿಲೆಗೆ ಅವರ ಹೆಸರೇ ಬಂದಿತು. ಡಿಮೆನ್ಷಿಯಾ ಎಂಬುದು ಬುದ್ಧಿ ನೆನಪುಗಳು ಕುಂದುವ ರೋಗಗಳಿಗೆಲ್ಲ ಇರುವ ಸಾಮಾನ್ಯ ಹೆಸರು. ಅವುಗಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಅಲ್ಝೈಮರ್. ಇದು ಮುಪ್ಪಿನ ಸಹಜ ಮರೆವಲ್ಲ. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವುದು ಮುಪ್ಪು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಯಾತಕ್ಕೆಂದು ಕೇಳುವುದು ಕಾಯಿಲೆ.

ಇದಕ್ಕೂ ಸಕ್ಕರೆಗೂ ಏನು ಸಂಬಂಧ? ಮಿದುಳಿನ ತೂಕ ನಮ್ಮ ದೇಹದ ತೂಕದಲ್ಲಿ ಶೇಕಡಾ ಎರಡರಷ್ಟು ಮಾತ್ರ. ಆದರೆ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ ಇಪ್ಪತ್ತು ಭಾಗವನ್ನು ಅದೇ ಬಳಸುತ್ತದೆ. ಅದರ ಮುಖ್ಯ ಆಹಾರ ರಕ್ತದಲ್ಲಿರುವ ಗ್ಲೂಕೋಸ್. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಸ್ನಾಯುಗಳಿಗೆ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುವ ಬೀಗದ ಕೈಯಂತೆ ಕೆಲಸ ಮಾಡುತ್ತದೆ. ೧೯೨೧ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇದನ್ನು ಬೇರ್ಪಡಿಸಿದ ಮೇಲೆ ಲಕ್ಷಾಂತರ ಜೀವಗಳು ಉಳಿದವು. ಇನ್ಸುಲಿನ್ನಿಗೂ ಮಿದುಳಿಗೂ ಸಂಬಂಧವಿಲ್ಲವೆಂದು ಬಹುಕಾಲ ಭಾವಿಸಲಾಗಿತ್ತು. ಆದರೆ ನೆನಪನ್ನು ಕೂಡಿಡುವ ಮಿದುಳಿನ ಭಾಗದಲ್ಲಿಯೂ ಇನ್ಸುಲಿನ್ನನ್ನು ಗುರುತಿಸುವ ವ್ಯವಸ್ಥೆ ಇರುವುದು ಅನಂತರದ ಸಂಶೋಧನೆಗಳಿಂದ ತಿಳಿಯಿತು.

ಸಕ್ಕರೆ ಕಾಯಿಲೆಯಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇದ್ದರೂ ದೇಹವು ಅದರ ಮಾತನ್ನು ಕೇಳುವುದಿಲ್ಲ. ಬೀಗ ತುಕ್ಕು ಹಿಡಿದಂತೆ. ಮಿದುಳಿನಲ್ಲಿಯೂ ಇದೇ ರೀತಿ ಆದರೆ ನರಕೋಶಗಳ ಕೆಲಸ ಕುಂಠಿತವಾಗಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಇನ್ನೊಂದು ವಿಚಾರವೂ ಉಂಟು. ಕೆಲಸ ಮುಗಿದ ಇನ್ಸುಲಿನ್ನನ್ನು ಕರಗಿಸುವ ಒಂದು ಕಿಣ್ವವಿದೆ. ಅಮೈಲಾಯ್ಡ್ ಕಿಟ್ಟವನ್ನು ಕರಗಿಸುವುದರಲ್ಲಿಯೂ ಅದೇ ಕಿಣ್ವದ ಪಾಲಿದೆ. ಒಬ್ಬನೇ ಆಳು ಎರಡು ಮನೆಯ ಕಸವನ್ನು ಗುಡಿಸಬೇಕಾಗಿ, ಒಂದು ಮನೆಯಲ್ಲಿಯೇ ಕಸ ವಿಪರೀತವಾದರೆ ಇನ್ನೊಂದು ಮನೆ ಕೊಳೆಯಾಗಿ ಉಳಿಯುವಂತೆ ಇಲ್ಲಿಯೂ ಆಗಬಹುದೆಂಬುದು ಒಂದು ವಾದ. ಇವೆಲ್ಲಕ್ಕಿಂತ ಗಟ್ಟಿಯಾಗಿ ತಿಳಿದಿರುವುದು ರಕ್ತನಾಳಗಳ ಸಂಗತಿ. ಹೆಚ್ಚು ಸಕ್ಕರೆ ಬಹುಕಾಲ ಹರಿದರೆ ಕಣ್ಣಿನ, ಮೂತ್ರಪಿಂಡದ, ಕಾಲಿನ ಸಣ್ಣ ರಕ್ತನಾಳಗಳು ಕೆಡುವಂತೆಯೇ ಮಿದುಳಿನ ರಕ್ತನಾಳಗಳೂ ಕೆಡುತ್ತವೆ. ಆದ್ದರಿಂದ ಸಕ್ಕರೆ ಕಾಯಿಲೆಯವರ ಮರೆವಿನಲ್ಲಿ ಅಲ್ಝೈಮರ್ ಮತ್ತು ರಕ್ತನಾಳದ ಹಾನಿ ಎರಡೂ ಕೂಡಿಕೊಂಡಿರುವುದು ಅಪರೂಪವಲ್ಲ.

ಊಹೆಗೆ ಆಧಾರವೇನೆಂದು ಓದುಗರು ಕೇಳಬಹುದು. ನೆದರ್‌ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಸುಮಾರು ಎರಡು ವರ್ಷ ಗಮನಿಸಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಡಿಮೆನ್ಷಿಯಾ ಬರುವ ಸಂಭವ ಹೆಚ್ಚುಕಡಿಮೆ ಇಮ್ಮಡಿ ಎಂದು ೧೯೯೯ರಲ್ಲಿ ಪ್ರಕಟಿಸಿದರು. ಜಪಾನಿನ ಹಿಸಯಾಮ ಎಂಬ ಊರಿನಲ್ಲಿ ಅರವತ್ತು ದಾಟಿದ ಸಾವಿರಕ್ಕೂ ಹೆಚ್ಚು ಜನರನ್ನು ಹದಿನೈದು ವರ್ಷಗಳ ಕಾಲ ಅನುಸರಿಸಿ ೨೦೧೧ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಅಲ್ಝೈಮರ್ ವಿಷಯದಲ್ಲಿ ಇಂತಹ ಫಲವೇ ಕಂಡಿತು. ಲಂಡನ್ನಿನ ಸರ್ಕಾರಿ ನೌಕರರನ್ನು ೧೯೮೫ರಿಂದ ಅನುಸರಿಸಿಕೊಂಡು ಬಂದ ಅಧ್ಯಯನದ ೨೦೨೧ರ ವರದಿ ಇನ್ನೂ ಮುಖ್ಯವಾದುದು. ಎಪ್ಪತ್ತನೆಯ ವಯಸ್ಸಿಗೆ ಬರುವಾಗ, ಹತ್ತು ವರ್ಷಗಳಿಗಿಂತ ಹಿಂದೆಯೇ ಸಕ್ಕರೆ ಕಾಯಿಲೆ ಬಂದಿದ್ದವರಲ್ಲಿ ಡಿಮೆನ್ಷಿಯಾ ಸಂಭವ ಸುಮಾರು ಇಮ್ಮಡಿಯಾಗಿತ್ತು. ಇತ್ತೀಚೆಗೆ ಕಾಯಿಲೆ ಬಂದವರಲ್ಲಿ ಅಂತಹ ಸ್ಪಷ್ಟವಾದ ಏರಿಕೆ ಕಾಣಲಿಲ್ಲ. ಎಂದರೆ ಕಾಯಿಲೆ ಎಷ್ಟು ಬೇಗ ಬಂತು, ಎಷ್ಟು ಕಾಲ ಜೊತೆಗಿತ್ತು ಎಂಬುದು ಲೆಕ್ಕಕ್ಕೆ ಬರುತ್ತದೆ. ಐವತ್ತು ಅರವತ್ತರಲ್ಲಿ ಬಾರದಂತೆ ತಡೆದರೆ, ಅಥವಾ ಮುಂದೂಡಿದರೆ, ಅದರ ಫಲ ಎಪ್ಪತ್ತರಲ್ಲಿ ದೊರೆಯಬಹುದು.

ಇಮ್ಮಡಿ ಎಂಬ ಮಾತಿಗೆ ಯಾರೂ ಗಾಬರಿಯಾಗಬೇಕಾಗಿಲ್ಲ. ನೂರು ಮಂದಿಯಲ್ಲಿ ಐವರಿಗೆ ಬರುವ ಕಾಯಿಲೆ ಇಮ್ಮಡಿಯಾದರೆ ಹತ್ತು ಮಂದಿಗೆ ಬಂದಂತಾಯಿತು. ಉಳಿದ ತೊಂಬತ್ತು ಮಂದಿಗೆ ಬರಲಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಿಗೂ ಅಲ್ಝೈಮರ್ ಬರುತ್ತದೆ. ಅಮೆರಿಕದ ಸಂಶೋಧಕರು ೨೦೦೫ರಲ್ಲಿ ಅಲ್ಝೈಮರ್ ಕಾಯಿಲೆಯನ್ನು ಮೂರನೆಯ ಬಗೆಯ ಸಕ್ಕರೆ ಕಾಯಿಲೆ ಎಂದು ಕರೆದರು. ಆ ಹೆಸರು ಜನರ ಬಾಯಿಗೆ ಬಂದಿದೆಯಾದರೂ ವೈದ್ಯಕೀಯ ವರ್ಗೀಕರಣದಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ. ಸಕ್ಕರೆ ಕಾಯಿಲೆಯ ಮದ್ದನ್ನೇ ಮರೆವಿಗೂ ಕೊಟ್ಟು ನೋಡಿದವರುಂಟು. ಮೂಗಿನ ಮೂಲಕ ಇನ್ಸುಲಿನ್ ಕೊಟ್ಟ ಪ್ರಯೋಗದಿಂದ ಪ್ರಯೋಜನ ಕಾಣಲಿಲ್ಲವೆಂದು ೨೦೨೦ರಲ್ಲಿ ತಿಳಿಯಿತು. ತೂಕ ಇಳಿಸುವುದಕ್ಕೂ ಸಕ್ಕರೆಗೂ ಹೆಸರಾದ ಸೆಮಗ್ಲುಟೈಡ್ ಎಂಬ ಔಷಧವನ್ನು ಅಲ್ಝೈಮರಿನ ಆರಂಭದ ಹಂತದಲ್ಲಿದ್ದ ಸುಮಾರು ೩,೮೦೦ ಜನರಲ್ಲಿ ಪರೀಕ್ಷಿಸಲಾಗಿ, ಅದು ರೋಗದ ಗತಿಯನ್ನು ತಗ್ಗಿಸಲಿಲ್ಲವೆಂದು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಇದರಿಂದ ನಾವು ತಿಳಿಯಬೇಕಾದುದು ಇಷ್ಟು: ನೆನಪು ಕೆಟ್ಟ ಮೇಲೆ ಸಕ್ಕರೆಯ ಔಷಧದಿಂದ ಅದನ್ನು ಮರಳಿ ತರಲು ಇದುವರೆಗೆ ಆಗಿಲ್ಲ. ಎಚ್ಚರವೇನಿದ್ದರೂ ಮೊದಲೇ ವಹಿಸಬೇಕು. ಮರೆವಿಗೆ ಮದ್ದು ಕೊಡುತ್ತೇವೆಂದು ಪುಡಿ ಎಣ್ಣೆಗಳನ್ನು ಮಾರಿಕೊಂಡು ಬರುವವರ ಮಾತಿಗೆ ಭಕ್ತರು ಹಣ ಸುರಿಯಬಾರದು.

ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆಯ ೨೦೨೩ರ ವರದಿಯಂತೆ ನಮ್ಮಲ್ಲಿ ಸುಮಾರು ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನು ಹದಿಮೂರೂವರೆ ಕೋಟಿಯಷ್ಟು ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಂತೆ ಅರವತ್ತು ದಾಟಿದವರಲ್ಲಿ ಶೇಕಡಾ ೭.೪ ಮಂದಿಗೆ, ಅಂದರೆ ಸುಮಾರು ೮೮ ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಅದು ಹೆಚ್ಚು. ಇದು ಪಟ್ಟಣದ ಕಾಯಿಲೆ, ಓದಿದವರ ಕಾಯಿಲೆ ಎಂಬ ಮಾತು ನಿಲ್ಲುವುದಿಲ್ಲ.

ಹೊರದೇಶದ ಅಧ್ಯಯನಗಳು ನಮ್ಮ ರೈತಾಪಿ ಜನರಿಗೆ ಎಷ್ಟು ಅನ್ವಯಿಸುತ್ತವೆಂಬ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿಯೇ ಉತ್ತರವನ್ನು ಹುಡುಕುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೨೦೧೮ರಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ಅವರು ಆರೋಗ್ಯವಾಗಿರುವಾಗಲೇ ಸೇರಿಸಿಕೊಂಡು, ವರ್ಷಗಟ್ಟಲೆ ಅವರ ನೆನಪು, ರಕ್ತ, ಮಿದುಳಿನ ಚಿತ್ರಗಳನ್ನು ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ರೋಗ ಬಂದ ಮೇಲೆ ಕಾರಣ ಹುಡುಕುವುದಕ್ಕಿಂತ, ಬರುವ ಮೊದಲೇ ನೋಡುತ್ತಿದ್ದು ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ತಿಳಿಯುವ ದಾರಿ ಇದು. ತಮ್ಮ ಮೈಯನ್ನೂ ಸಮಯವನ್ನೂ ಇದಕ್ಕೆ ಕೊಡುತ್ತಿರುವ ಆ ಹಳ್ಳಿಯ ರೈತರದು ನಮ್ಮ ದೃಷ್ಟಿಯಲ್ಲಿ ನಿಜವಾದ ದಾಸೋಹ. ಅದರ ಫಲ ಮುಂದಿನ ಪೀಳಿಗೆಗೆ ಸಲ್ಲುತ್ತದೆ.

ಇನ್ನು ನಮ್ಮ ಮಂಡ್ಯ ಸೀಮೆಯ ಮಾತು. ಕಾವೇರಿಯ ನಾಲೆ ಹರಿದು, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದ ಮೇಲೆ ಇದು ಸಕ್ಕರೆಯ ನಾಡೆನಿಸಿತು. ಕಬ್ಬು ನಮ್ಮ ರೈತರ ಜೀವನಾಧಾರ. ಆಲೆಮನೆಯ ಬೆಲ್ಲ ನಮ್ಮ ಹೆಮ್ಮೆ. ಅದನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟು ತಿಂದರೂ ಬಾಧಕವಿಲ್ಲ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಎರಡೂ ಒಂದೇ ಕಬ್ಬಿನ ಹಾಲಿನಿಂದ ಆದವು. ರಕ್ತದಲ್ಲಿ ಸಕ್ಕರೆಯನ್ನು ಎರಡೂ ಏರಿಸುತ್ತವೆ. ಹಾಗೆಯೇ ರಾಗಿಮುದ್ದೆ ಉಂಡರೆ ಸಕ್ಕರೆ ಏರುವುದೇ ಇಲ್ಲವೆಂಬುದೂ ಸರಿಯಲ್ಲ. ರಾಗಿಯಲ್ಲಿ ನಾರು, ಸುಣ್ಣದಂಶಗಳು ಹೆಚ್ಚೆಂಬುದು ನಿಜ. ಆದರೆ ಅದರಲ್ಲಿರುವುದೂ ಬಹುಪಾಲು ಪಿಷ್ಟವೇ. ಬೆಳಗಿನಿಂದ ಸಂಜೆಯವರೆಗೆ ನೇಗಿಲು ಹಿಡಿದವರು ಉಂಡ ಎರಡು ಮುದ್ದೆಯನ್ನು, ಮೊಬೈಲ್ ಹಿಡಿದು ಕುಳಿತವರು ಉಂಡರೆ ಅದು ಮೈಗೆ ಭಾರವಾಗುತ್ತದೆ. ಮುದ್ದೆಯ ಗಾತ್ರವನ್ನು ತಗ್ಗಿಸಿ, ಸೊಪ್ಪು, ಕಾಳು, ತರಕಾರಿಗಳನ್ನು ಹೆಚ್ಚಿಸುವುದು ಯಾವ ಮನೆಗೂ ಕಷ್ಟವಲ್ಲ.

ಮಠಮಾನ್ಯಗಳ ಸಂಪರ್ಕವಿರುವ ಸಸ್ಯಾಹಾರಿ ಮನೆತನಗಳು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿ ಬಿ೧೨ ಜೀವಸತ್ವದ್ದು. ಇದು ಸೊಪ್ಪು ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರುಗಳಿಂದ ಅಷ್ಟಿಷ್ಟು ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಬಹಳವಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತೆಗೆದುಕೊಂಡರೆ ಅದು ಇನ್ನಷ್ಟು ಕಡಿಮೆಯಾಗಬಹುದು. ಬಿ೧೨ ಕೊರತೆಯಿಂದಲೂ ಮರೆವು, ಮಂಕು, ಕಾಲಿನ ಜೋಮು ಉಂಟಾಗುತ್ತವೆ. ಥೈರಾಯ್ಡ್ ಕೊರತೆ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವು ಚಿಕಿತ್ಸೆಗೆ ಬಗ್ಗುವಂಥವು. ಆದ್ದರಿಂದ ಹಿರಿಯರಿಗೆ ಮರೆವು ಕಂಡಾಗ ವಯಸ್ಸಾಯಿತು ಬಿಡಿ ಎಂದು ಕೈಚೆಲ್ಲದೆ ಒಮ್ಮೆ ಪರೀಕ್ಷೆ ಮಾಡಿಸಬೇಕು. ಹಾಗೆಂದು ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಿಸುವುದಾಗಲಿ, ಮೆಟ್‌ಫಾರ್ಮಿನ್ ನಿಲ್ಲಿಸುವುದಾಗಲಿ ಸಲ್ಲದು. ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಸಕ್ಕರೆ ಏರುವುದಷ್ಟೇ ಅಪಾಯವಲ್ಲ, ವಿಪರೀತ ಇಳಿಯುವುದೂ ಅಪಾಯ. ಆಸ್ಪತ್ರೆಗೆ ಸೇರಿಸುವಷ್ಟು ಸಕ್ಕರೆ ಇಳಿದುಹೋದ ಹಿರಿಯರಲ್ಲಿ ಮುಂದೆ ಡಿಮೆನ್ಷಿಯಾ ಸಂಭವ ಹೆಚ್ಚಿತ್ತೆಂದು ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ೨೦೦೯ರಲ್ಲಿ ತಿಳಿಸಿತು. ಮರೆವಿರುವವರು ಮಾತ್ರೆ ನುಂಗಿದ್ದನ್ನು ಮರೆತು ಮತ್ತೊಮ್ಮೆ ನುಂಗಬಹುದು. ಇನ್ಸುಲಿನ್ ಚುಚ್ಚಿಸಿಕೊಂಡು ಉಣ್ಣುವುದನ್ನು ಮರೆಯಬಹುದು. ಮೈ ಬೆವರುವುದು, ಕೈ ನಡುಗುವುದು, ಮಾತು ತಡವರಿಸುವುದು, ದಿಕ್ಕುಗೆಟ್ಟಂತೆ ವರ್ತಿಸುವುದು ಇವು ಸಕ್ಕರೆ ಇಳಿದುದರ ಲಕ್ಷಣಗಳು. ಇವನ್ನು ಮರೆವೆಂದು ಭಾವಿಸಿ ಸುಮ್ಮನಿರಬಾರದು. ಎಚ್ಚರವಿದ್ದು ನುಂಗಬಲ್ಲವರಿಗೆ ಕೂಡಲೇ ಸಕ್ಕರೆ ಕದಡಿದ ನೀರು ಕೊಡಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಈ ಕಾರಣದಿಂದಲೇ ವೈದ್ಯರು ಇಂತಹ ಹಿರಿಯರಿಗೆ ಸಕ್ಕರೆಯ ಮಿತಿಯನ್ನು ಸ್ವಲ್ಪ ಸಡಿಲವಾಗಿ ಇಡುತ್ತಾರೆ. ಮಾತ್ರೆಯ ಡಬ್ಬಿ ಮನೆಯ ಒಬ್ಬರ ವಶದಲ್ಲಿರಬೇಕು.

ಇಲ್ಲಿ ಆಚರಣೆಯ ಎರಡು ಮಾತುಗಳನ್ನು ಹೇಳಬೇಕು. ಶಿವರಾತ್ರಿಯಂದು, ಶ್ರಾವಣದ ಸೋಮವಾರಗಳಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಮಾತ್ರೆ ನುಂಗಿ ನಿರಾಹಾರವಿರುವುದು ಅಪಾಯಕರ. ಉಪವಾಸವೆಂದರೆ ಶಿವನ ಸಮೀಪದಲ್ಲಿರುವುದು. ಅದಕ್ಕೆ ಹೊಟ್ಟೆ ಬರಿದಾಗಿರಲೇಬೇಕೆಂಬ ನಿಯಮವನ್ನು ರೋಗಿಯ ಮೇಲೆ ಹೇರುವುದು ಧರ್ಮವಲ್ಲ. ಎರಡನೆಯದು ಪ್ರಸಾದ. ಎಲೆಯಲ್ಲಿ ಪ್ರಸಾದವನ್ನು ಬಿಡಬಾರದೆಂಬ ಸಂಸ್ಕಾರ ನಮ್ಮ ಹಿರಿಯರಲ್ಲಿ ಆಳವಾಗಿದೆ. ಬಡಿಸುವವರು ಪ್ರೀತಿಯಿಂದ ಪಾಯಸವನ್ನು ಎರಡು ಸೌಟು ಹಾಕಿದರೆ ಅವರು ಬಿಡಲಾರರು, ಉಂಡರೆ ತಾಳಲಾರರು. ಪ್ರಸಾದದ ಮಹಿಮೆ ಪ್ರಮಾಣದಲ್ಲಿಲ್ಲ. ಒಂದು ಚಮಚ ಬಡಿಸುವುದೂ ದಾಸೋಹವೇ. ದಾಸೋಹ ನಡೆಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ವೈದ್ಯರಿಂದ ಮರಳಿ ಬಂದ ಮೇಲೆ ದುದ್ದದ ಮನೆಯಲ್ಲಿ ಬಂಧುಗಳೆಲ್ಲ ಸೇರಿದ್ದಾಗ ಪ್ರಾಯಶ್ಚಿತ್ತದ ಪ್ರಶ್ನೆಗೆ ನಾವು ಉತ್ತರ ಹೇಳಿದೆವು. ಆಚಾರವು ಅರಿವುಳ್ಳವರಿಗೆ ವಿಧಿಸಿದುದು. ತಿಳಿದು ಬಿಟ್ಟವರಿಗೆ ದೋಷ. ತಿಳಿಯುವ ಶಕ್ತಿಯೇ ಕುಂದಿದವರಿ­ಗೆ ದೋಷವಿಲ್ಲ. ಕಾಲು ಮುರಿದವರು ಲಿಂಗಪೂಜೆಗೆ ಪದ್ಮಾಸನದಲ್ಲಿ ಕೂರಲಿಲ್ಲವೆಂದು ನಾವು ಆಕ್ಷೇಪಿಸುತ್ತೇವೆಯೇ? ಮಿದುಳೂ ಕಾಲಿನಂತೆಯೇ ದೇಹದ ಒಂದು ಅಂಗ. ದೀಕ್ಷೆಯಲ್ಲಿ ಗುರುವು ಕರುಣಿಸಿದ ಲಿಂಗಸಂಬಂಧ ನರಕೋಶಗಳು ಕೆಟ್ಟವೆಂದು ಅಳಿದುಹೋಗುವಂಥದಲ್ಲ. ಅಕ್ಕನವರು ಲಿಂಗವನ್ನು ಮರೆತಿರಬಹುದು. ಲಿಂಗವು ಅವರನ್ನು ಮರೆಯದು. ಇನ್ನು ಮುಂದೆ ಪ್ರತಿದಿನ ಬೆಳಿಗ್ಗೆ ಕರಡಿಗೆ ಕೊರಳಲ್ಲಿದೆಯೇ ಎಂದು ನೋಡುವುದು, ಪೂಜೆಗೆ ಕೂರಿಸಿ ಕೈಯಲ್ಲಿ ಲಿಂಗವನ್ನಿಟ್ಟು ವಿಭೂತಿ ಹಚ್ಚುವುದು ಮನೆಯವರ ಆಚಾರವಾಗಲಿ. ಅವರ ನೆನಪನ್ನು ಮನೆಯವರು ಹೊರಬೇಕು. ಪ್ರಾಯಶ್ಚಿತ್ತವೆಂದೇನಾದರೂ ಇದ್ದರೆ, ಸೊಸೆಯ ವಿಷಯದಲ್ಲಿ ಹಗುರವಾಗಿ ಮಾತನಾಡಿದವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ಪ್ರಾಯಶ್ಚಿತ್ತ. ನಾವು ಇಷ್ಟು ಹೇಳಿ ಮುಗಿಸಿದಾಗ ಪೂಜೆಯ ಕೋಣೆಗೆ ಬಿಡಬಾರದೆಂದಿದ್ದ ಹಿರಿಯರೇ ಎದ್ದು ಕರಡಿಗೆಯನ್ನು ತಂದುಕೊಟ್ಟರು. ಸೊಸೆಯು ಅದನ್ನು ಅತ್ತೆಯ ಕೊರಳಿಗೆ ಕಟ್ಟಿದಳು.

ಈಗ ಆ ಮನೆಯ ನಡೆ ಬದಲಾಗಿದೆ. ಊಟ ಕೇಳಿದಾಗ “ಈಗತಾನೆ ಉಂಡೆಯಲ್ಲ” ಎಂದು ಯಾರೂ ವಾದಿಸುವುದಿಲ್ಲ; ನಾಲ್ಕು ಹೋಳು ಸೌತೆಕಾಯಿಯನ್ನೋ ಅರ್ಧ ಲೋಟ ಮಜ್ಜಿಗೆಯನ್ನೋ ಕೊಟ್ಟು ಬೇರೆ ಮಾತು ತೆಗೆಯುತ್ತಾರೆ. ನೆರೆಹೊರೆಯವರಿಗೆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದ್ದಾರೆ. ಹೇಳಿದ ಮೇಲೆ ಜಗಲಿಯ ಮುಂದೆ ನಿಂತು ಸೊಸೆಯ ಮುಖ ನೋಡುವವರು ಕಡಿಮೆಯಾದರು. ಅಕ್ಕನವರು ದಾರಿ ತಪ್ಪಿ ಹೊರಟರೆ ಕೈಹಿಡಿದು ಕರೆತರುವವರು ಹೆಚ್ಚಾದರು. ಕಾಯಿಲೆ ವಾಸಿಯಾಗಿಲ್ಲ, ಆಗುವುದೂ ಇಲ್ಲ. ನಮ್ಮನ್ನು ಕಂಡಾಗ ಕೆಲವೊಮ್ಮೆ ಗುರುತಿಸುತ್ತಾರೆ, ಕೆಲವೊಮ್ಮೆ “ಯಾವೂರು ಸ್ವಾಮಿ ತಮ್ಮದು” ಎಂದು ಕೇಳುತ್ತಾರೆ. ಆದರೆ ವಚನವೊಂದನ್ನು ನಾವು ಆರಂಭಿಸಿದರೆ ಮುಂದಿನ ಸಾಲುಗಳನ್ನು ಅವರೇ ಹೇಳಿ ಮುಗಿಸುವುದುಂಟು. ಎಳೆವಯಸ್ಸಿನಲ್ಲಿ ಕಲಿತದ್ದು ಕಡೆಗೆ ಅಳಿಯುವುದೆಂದು ವೈದ್ಯರು ಹೇಳಿದ್ದರು.

ಇಂತಹ ಹಿರಿಯರಿರುವ ಮನೆಯವರು ಒಂಟಿಯೆಂದು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ತಪಾಸಣೆ, ಸಲಹೆಗಳ ವ್ಯವಸ್ಥೆಯಿದೆ. ಆ ಸಂಸ್ಥೆಯ ಸಹಯೋಗದೊಡನೆ ರಾಜ್ಯ ಸರ್ಕಾರವು ೨೦೨೨ರಲ್ಲಿ ಮಿದುಳು ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿತು. ಹಿರಿಯ ನಾಗರಿಕರ ಸಹಾಯವಾಣಿ ೧೪೫೬೭ಕ್ಕೆ ಯಾರು ಬೇಕಾದರೂ ಶುಲ್ಕವಿಲ್ಲದೆ ಕರೆ ಮಾಡಬಹುದು. ನೋಡಿಕೊಳ್ಳುವವರಿಗೂ ಬಿಡುವು ಬೇಕು. ಹೆಣ್ಣುಮಕ್ಕಳು, ಮೈದುನ ನಾದಿನಿಯರು ತಿಂಗಳಿಗೆ ನಾಲ್ಕು ದಿನವಾದರೂ ಭಾರವನ್ನು ಹಂಚಿಕೊಳ್ಳಬೇಕು.

ಕಡೆಯದಾಗಿ, ನಲವತ್ತು ಐವತ್ತರ ವಯಸ್ಸಿನಲ್ಲಿರುವ ಸದ್ಭಕ್ತರಿಗೆ ಒಂದು ಮಾತು. ವಿಶ್ವದ ತಜ್ಞರ ಸಮಿತಿಯೊಂದು ೨೦೨೪ರಲ್ಲಿ ಪ್ರಕಟಿಸಿದ ವರದಿಯು ಡಿಮೆನ್ಷಿಯಾಕ್ಕೆ ಎಡೆಮಾಡುವ, ಆದರೆ ನಾವು ತಿದ್ದಿಕೊಳ್ಳಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿ ಮಾಡಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಬೊಜ್ಜು, ಧೂಮಪಾನ, ಮದ್ಯ, ಮೈಬಗ್ಗಿಸದ ಬದುಕು, ಚಿಕಿತ್ಸೆಯಿಲ್ಲದ ಕಿವುಡು ಮತ್ತು ದೃಷ್ಟಿದೋಷ, ಒಂಟಿತನ ಇವೆಲ್ಲ ಅದರಲ್ಲಿವೆ. ಇವನ್ನೆಲ್ಲ ನಿವಾರಿಸಲಾದರೆ ಸುಮಾರು ಶೇಕಡಾ ೪೫ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಅಂದಾಜು. ವರ್ಷಕ್ಕೊಮ್ಮೆ ರಕ್ತ ಪರೀಕ್ಷಿಸಿಕೊಳ್ಳುವುದು, ಬಿ.ಪಿ. ನೋಡಿಸಿಕೊಳ್ಳುವುದು, ಕೊಟ್ಟ ಮಾತ್ರೆಯನ್ನು ಬಿಡದೆ ತೆಗೆದುಕೊಳ್ಳುವುದು, ದಿನಕ್ಕೆ ಅರ್ಧ ಗಂಟೆ ನಡೆಯುವುದು ಇವುಗಳಲ್ಲಿ ಯಾವುದೂ ಬಡವರಿಗೆ ಎಟುಕದ್ದಲ್ಲ. ಶರಣರು ಕಾಯವನ್ನು ಹೀಗಳೆಯಲಿಲ್ಲ. ಲಿಂಗ ನೆಲಸುವ ಎಡೆಯೆಂದು ಅದನ್ನು ಗೌರವಿಸಿದರು. ಆ ಕಾಯವನ್ನು ಕಾಪಾಡಿಕೊಂಡು ಅರಿವಿನ ದಿನಗಳನ್ನು ಹೆಚ್ಚಿಸಿಕೊಳ್ಳುವುದೂ ಲಿಂಗಪೂಜೆಯ ಅಂಗವೇ ಆಗಿದೆ. ಅರಿವಿರುವಷ್ಟು ದಿನ ಎಚ್ಚರದಿಂದಿರುವ ಬುದ್ಧಿಯನ್ನೂ, ಅರಿವು ಕುಂದಿದ ಹಿರಿಯರನ್ನು ಪ್ರೀತಿಯಿಂದ ನಡೆಸಿಕೊಳ್ಳುವ ತಾಳ್ಮೆಯನ್ನೂ ಪರಶಿವನು ನಮ್ಮೆಲ್ಲರ ಮನೆಗಳಿಗೆ ದಯಪಾಲಿಸಲೆಂದು ಹಾರೈಸುತ್ತೇವೆ.